ಮೇಲಿನ ಗೋದಾಮು, ಕೆಳಗಿನ ಗೋದಾಮು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಕೆಲಸ ಕೆಟ್ಟಿತು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಆಗ ನನ್ನ ಕೈಯಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡುವ ಯಂತ್ರವಿತ್ತು. ಒಂದು ಪ್ರೆಶರ್ ಕುಕ್ಕರಿನ ಪೆಟ್ಟಿಗೆಗೆ ಅದನ್ನು ಹಿಡಿದಿದ್ದೆ, ಅದರ ಪರದೆಯ ಮೂಲೆಯಲ್ಲಿ ಆ ಸಮಯವಿತ್ತು. ತಲೆ ಎತ್ತಿದರೆ, ಮೇಲಿನ ಕಂಪನಿಯ ವ್ಯಾನು ಹಿಮ್ಮುಖವಾಗಿ ನನ್ನ ಕಡೆಗೇ ಇಳಿದು ಬರುತ್ತಿದೆ. ಒಳಗೆ ಡ್ರೈವರ್ ಇಲ್ಲ.

ಅದು ನನ್ನನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಇದನ್ನು ಬರೆಯುವ ತಾಪತ್ರಯ ಇರುತ್ತಿರಲಿಲ್ಲ. ಆದರೆ ಆಮೇಲೆ ಎಷ್ಟು ಸಲ ಅದನ್ನು ತಲೆಯೊಳಗೆ ಓಡಿಸಿ ನೋಡಿದ್ದೇನೆಂದರೆ, ಹಿಂಬಾಗಿಲ ಮೇಲೆ ಯಾರೋ ಬೆರಳಿನಿಂದ ಬರೆದಿದ್ದ ‘ತೊಳೆಯಿರಿ’ ಎಂಬ ಮಾತಿನ ಒಂದೊಂದು ಅಕ್ಷರದ ವಾರೆಯೂ ನನಗೆ ಬಾಯಿಪಾಠ.

ಬಿ.ಕಾಂ. ಮುಗಿಸಿ ಊಟಿಯಿಂದ ಗೂಡಲೂರಿಗೆ ಮರಳಿದ ವರ್ಷ ಅದು. ನಮ್ಮ ಮನೆಯ ಹಿಂದಿನ ಏರು ರಸ್ತೆಯಲ್ಲಿ ಎರಡು ಪಾರ್ಸೆಲ್ ಕಂಪನಿಗಳ ಗೋದಾಮುಗಳಿದ್ದವು. ಮೇಲಿನವರದು ಹಸಿರು ಅಂಗಿ, ಕೆಳಗಿನವರದು ಕಿತ್ತಳೆ. ಬಂದ ಪಾರ್ಸೆಲ್ಲುಗಳನ್ನು ಸ್ಕ್ಯಾನ್ ಮಾಡಿ ಊರುವಾರು ಬೇರ್ಪಡಿಸುವ ಕೆಲಸಕ್ಕೆ ಎರಡೂ ಕಡೆ ಜನ ಬೇಕಿತ್ತು. ಎರಡೂ ಕಡೆ ನನ್ನನ್ನು ಕರೆದರು. ಸಂಬಳ ಒಂದೇ, ರಜೆ ಒಂದೇ. ಹಾಗಾಗಿ ನಮ್ಮ ಮನೆಯಲ್ಲಿ ಆಯ್ಕೆಯ ಚರ್ಚೆ ಬಹಳ ಆಳಕ್ಕೆ ಇಳಿಯಿತು. ಮೇಲಿನವರ ಕಕ್ಕಸಿನ ಬಾಗಿಲಿಗೆ ಒಳಗಿನಿಂದ ಚಿಲಕವಿದೆ ಎಂಬುದು ಅಮ್ಮನ ವಾದ. ಕೆಳಗಿನವರ ಸೂಪರ್‌ವೈಸರ್ ನಮ್ಮ ಅಂಗಡಿಗೆ ಬಂದಾಗೆಲ್ಲ ಕೈಮುಗಿಯುತ್ತಾನೆ ಎಂಬುದು ಅಪ್ಪನದು. ನಾನು ವಿದ್ಯಾವಂತೆ, ಎರಡು ಕಡೆಯೂ ಮೂರು ಮೂರು ದಿನ ಮಾಡಿ ನೋಡಿ, ಮುಂದಿನ ಸೋಮವಾರ ತಿಳಿಸುತ್ತೇನೆ ಎಂದೆ. ಇಬ್ಬರು ಸೂಪರ್‌ವೈಸರುಗಳೂ ಒಪ್ಪಿದರು. ತಮ್ಮ ಪರವಾಗಿ ನಾನು ಎದುರಾಳಿಯ ಬಳಿಗೆ ಬೇಹಿಗೆ ಹೋಗುತ್ತಿದ್ದೇನೆಂದು ಇಬ್ಬರೂ ಒಳಗೊಳಗೇ ಖುಷಿಪಟ್ಟಿದ್ದರೆಂದು ಕಾಣುತ್ತದೆ.

ಈಗ ಕಲ್ಲಿನ ವಿಷಯ ಹೇಳಬೇಕು. ನಮ್ಮ ಕಡೆ ಹ್ಯಾಂಡ್‌ಬ್ರೇಕನ್ನು ಪೂರ್ತಿ ನಂಬುವವರಿಲ್ಲ. ಏರಿನಲ್ಲಿ ಗಾಡಿ ನಿಲ್ಲಿಸಿದರೆ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು, ಆಮೇಲೇ ಟೀ. ಆ ರಸ್ತೆಯಲ್ಲಿ ಅಂಥ ಕೆಲಸಕ್ಕೆಂದೇ ಹುಟ್ಟಿದಂತಿದ್ದ ಒಂದು ಕಲ್ಲಿತ್ತು. ಒಂದು ಕಡೆ ದಪ್ಪ, ಒಂದು ಕಡೆ ಸಪೂರ, ಅಡಿ ಸಪಾಟು. ಅದು ತಮ್ಮದೆಂದು ಮೇಲಿನವರು ಹಸಿರು ಬಣ್ಣ ಹೊಡೆದಿದ್ದರು. ಅವರ ವ್ಯಾನು ಹೊರಟ ತಕ್ಷಣ ಕೆಳಗಿನವರು ಅದನ್ನು ಹೊತ್ತುಕೊಂಡು ಬಂದು ಕಿತ್ತಳೆ ಬಣ್ಣ ಹೊಡೆಯುತ್ತಿದ್ದರು. ಕೆಳಗಿನ ವ್ಯಾನು ಹೊರಟರೆ ಅದು ಮತ್ತೆ ಮೇಲಕ್ಕೆ ಹೋಗಿ ಹಸಿರಾಗುತ್ತಿತ್ತು. ಈ ಕಳ್ಳತನಕ್ಕೊಂದು ಕಟ್ಟುಪಾಡಿತ್ತು: ಗಾಡಿ ನಿಂತಿರುವಾಗ ಚಕ್ರದ ಕಲ್ಲು ಮುಟ್ಟಬಾರದು.

ಮೇಲಿನ ಗೋದಾಮಿನಲ್ಲಿ ನನ್ನ ಮೂರನೆಯ ದಿನ ಒಂದು ಘನಕಾರ್ಯ ನಡೆಯಿತು. ಅವರು ಚರಂಡಿಯ ಬದಿಯಿಂದ ಒಂದು ಕೆಲಸಕ್ಕೆ ಬಾರದ ಕಲ್ಲನ್ನು ತಂದು, ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ಕೆಳಗಿನವರಿಗೆ ಪಾರ್ಸೆಲ್ ಕಳಿಸಿದರು. ‘ಒಡೆಯುವ ವಸ್ತು, ಜೋಪಾನ’ ಎಂಬ ಚೀಟಿ ಅಂಟಿಸಿದವಳು ನಾನೇ. ಅದನ್ನು ಸಹಿ ಮಾಡಿ ತೆಗೆದುಕೊಂಡು, ಜೋಪಾನವಾಗಿ ಒಳಗೊಯ್ದವನು ಕೆಳಗಿನವರ ಹಿರಿಯ ಲೋಡರು. ಗುಂಡ್ಲುಪೇಟೆ ಕಡೆಯವನೆಂದು ಗೊತ್ತಾದ ಮೇಲೆ ನಾನು ಅವನನ್ನು ಮಾವ ಎನ್ನುತ್ತಿದ್ದೆ.

ಮರುದಿನದಿಂದ ನಾನು ಕೆಳಗಿನ ಗೋದಾಮಿಗೆ ಹೋದೆ. ಮಾವ ಸಿಟ್ಟು ನುಂಗಿಕೊಂಡು ಕೂತಿದ್ದ. ಎರಡನೆಯ ದಿನ, ಅಂದರೆ ಆ ಗುರುವಾರ, ಬೆಳಗಿನಿಂದ ಜಿನುಗುಮಳೆ. ಹನ್ನೊಂದರ ಸುಮಾರಿಗೆ ಮಾವ ಬಂದು ಪಿಸುಗುಟ್ಟಿದ.

“ಬಾ ಕನವ್ವ, ಒಸಿ ಕಾವಲು ನಿಂತ್ಕೊ. ಕಲ್ಲು ಎತ್ಕಬುಡ್ತೀನಿ.”

“ಗಾಡಿ ನಿಂತದಲ್ಲ ಮಾವ.”

“ಎಲ್ಡು ಕಲ್ಲು ಕೊಟ್ಟವ್ನೆ ನೋಡು. ಒಂದು ಎತ್ಕಂಡ್ರೆ ಒಂದು ಇರ್ತದೆ. ಲೆಕ್ಕ ಓದ್ದೋಳು ನೀನೇ ಯೋಳು.”

ನೋಡಿದೆ. ಮೇಲಿನವರ ವ್ಯಾನಿನ ಹಿಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಕಲ್ಲಿತ್ತು. ಎರಡರಲ್ಲಿ ಒಂದು ಕಳೆದರೆ ಒಂದು ಉಳಿಯುತ್ತದೆ ಎಂಬುದನ್ನು ನನ್ನ ಪದವಿ ಅನುಮೋದಿಸಿತು. ದಿನವೂ ಒಂದೇ ಕಲ್ಲು ಕೊಡುವ ಡ್ರೈವರ್ ಇವತ್ತೇಕೆ ಎರಡು ಕೊಟ್ಟಿದ್ದಾನೆ ಎಂದು ಕೇಳಿಕೊಳ್ಳಲು ನನಗೆ ಹೊಳೆಯಲಿಲ್ಲ. ನಾನು ರಸ್ತೆಯ ತಿರುವಿನಲ್ಲಿ ನಿಂತು ಅವನು ಕೂತಿದ್ದ ಟೀ ಅಂಗಡಿಯ ಕಡೆ ನೋಡುತ್ತಾ ಇದ್ದೆ. ಮಾವ ಒಳ್ಳೆಯ ಕಲ್ಲನ್ನು ಎಳೆದು, ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಇಳಿದ. ನಗು ತಡೆಯಲಾಗದೆ ನಾನು ದುಪಟ್ಟಾ ಬಾಯಿಗೆ ಒತ್ತಿಕೊಂಡೆ.

ಉಳಿದ ಸಣ್ಣ ಕಲ್ಲು ಏಳೋ ಎಂಟೋ ನಿಮಿಷ ತಡೆಯಿತು. ಆಮೇಲೆ ಒದ್ದೆ ರಸ್ತೆಯಲ್ಲಿ ಜಾರಿತು.

ವ್ಯಾನು ಸದ್ದು ಮಾಡದೆ ಬಂತು. ಅದೇ ಇವತ್ತಿಗೂ ನನ್ನನ್ನು ಕಾಡುವುದು. ಎಂಜಿನ್ ಇಲ್ಲ, ಹಾರನ್ ಇಲ್ಲ, ಒದ್ದೆ ಟಯರಿನ ಸರಸರ ಮಾತ್ರ. ರಸ್ತೆ ತಿರುಗಿತು, ವ್ಯಾನು ತಿರುಗಲಿಲ್ಲ, ನೆಟ್ಟಗೆ ನಮ್ಮ ಷಟರಿನ ಕಡೆ ಬಂತು. ನಾನು ಕುಕ್ಕರನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದೆ. ಮಾವ ನನ್ನ ಜಡೆ ಹಿಡಿದು ಪಕ್ಕಕ್ಕೆ ಎಳೆದ. ಜಡೆಯನ್ನು, ಕೈಯನ್ನಲ್ಲ. ಆ ನೋವು ನಾಲ್ಕು ದಿನ ಇತ್ತು. ನಾನಿದ್ದ ಜಾಗದ ಮೇಲೆ ಹಾದು ವ್ಯಾನು ಒಳಗೆ ನುಗ್ಗಿ, ಮಸಿನಗುಡಿಯ ಹೋಮ್‌ಸ್ಟೇ ಒಂದಕ್ಕೆ ಬಂದಿದ್ದ ಹನ್ನೆರಡು ಫೋಮ್ ಹಾಸಿಗೆಗಳ ರಾಶಿಗೆ ಬೆನ್ನು ಕೊಟ್ಟು, ಉಸ್ಸೆಂದು ಒರಗಿಕೊಂಡಿತು. ಪ್ರವಾಸಿಗಳಿಗಿಂತ ಮೊದಲು ಆ ಹಾಸಿಗೆಗಳ ಸುಖ ಕಂಡದ್ದು ಅದೇ.

ಯಾರಿಗೂ ಏಟಾಗಲಿಲ್ಲ. ಏಟು ಬಿದ್ದದ್ದು ಡ್ರೈವರಿಗೆ. ಚೇರಂಬಾಡಿ ಕಡೆಯ, ಐವತ್ತು ದಾಟಿದ ಮಲಯಾಳಿ ಅವನು; ಎಲ್ಲರಿಗೂ ಚೇಟ್ಟನ್, ಅಂದರೆ ಅಣ್ಣ. ಟೀ ಲೋಟ ಹಿಡಿದುಕೊಂಡೇ ಓಡಿ ಬಂದ.

“ಞಾನ್ ಎರಡು ಕಲ್ಲು ಇಟ್ಟಿದ್ದೆ ಸಾರ್. ಬ್ರೇಕ್ ಕೇಬಲ್ ಹೋಗಿದೆ ಅಂತ ನಿನ್ನೆನೇ ಹೇಳಿದ್ದೆ. ಅದಕ್ಕೇ ಎರಡು.”

ಹಸಿರಿನ ಸೂಪರ್‌ವೈಸರ್ ಮೇಲೆ ಹೋಗಿ ನೋಡಿ ಬಂದ. “ಒಂದೇ ಇದೆ. ಅದೂ ಗೋಲಿ ಸೈಜು. ಯಾರ ಹತ್ರ ಕಥೆ ಹೇಳ್ತೀಯಾ? ಸೋಮವಾರದವರೆಗೆ ಗಾಡಿ ಮುಟ್ಟಬೇಡ. ಕೋಯಮತ್ತೂರಿನ ಹೆಡ್ಡಾಫೀಸಿಗೆ ಬರೀತೀನಿ. ಅವರು ತೆಗೆದುಹಾಕ್ತಾರೆ, ನಾನೇನು ಮಾಡ್ಲಿ.”

ಚೇಟ್ಟನ್ ನನ್ನತ್ತ ತಿರುಗಿದ. “ಮೋಳೆ, ಮಗಳೇ, ನಿನಗೇನೂ ಆಗಿಲ್ಲವಲ್ಲ?” ಅಂದ. ಅಷ್ಟೇ. ಒಳ್ಳೆಯ ಕಲ್ಲು ಅವನಿಂದ ಎರಡು ಮಾರು ದೂರದಲ್ಲಿ, ಗೋಣಿಚೀಲದ ಕೆಳಗಿತ್ತು. ಮಾವ ಅದರ ಮೇಲೆ ಕೂತಿದ್ದ.

ಆ ರಾತ್ರಿಯಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಸರಸರ. ಅಮ್ಮ ಮೊದಲು ಕಾಫಿ ನಿಲ್ಲಿಸಿದಳು, ಆಮೇಲೆ ಮೊಬೈಲು, ಆಮೇಲೆ ದೃಷ್ಟಿ ತೆಗೆದಳು. ನಾನು ಹೆದರಿದ್ದೇನೆಂದು ಅವಳ ಎಣಿಕೆ. ಹೆದರಿದ್ದೆ, ನಿಜ. ಆದರೆ ವ್ಯಾನನ್ನು ಪ್ರತಿ ಸಲ ಹಿಂದಕ್ಕೆ ಓಡಿಸಿದಾಗಲೂ ಅದು ತಿರುವಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಗುವವಳೊಬ್ಬಳು ಇರುತ್ತಿದ್ದಳು. ನಾನು ಬಾಯಿ ಬಿಟ್ಟರೆ ನನ್ನ ಜೀವ ಉಳಿಸಿದ ಮಾವನ ಕೆಲಸ ಹೋಗುತ್ತದೆ. ಬಿಡದಿದ್ದರೆ ಚೇಟ್ಟನದು.

ಸೋಮವಾರ ಬೆಳಿಗ್ಗೆ ಮೊದಲು ಮಾವನ ಬಳಿಗೆ ಹೋದೆ.

“ಮಾವ, ನಾನು ಮೇಲೆ ಹೋಗಿ ಹೇಳ್ತೀನಿ. ಕಾವಲಿದ್ದೋಳು ನಾನೇ ಅಂತಾನೂ ಹೇಳ್ತೀನಿ.”

ಅವನು ಬೀಡಿ ಆರಿಸಿ ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. “ಕಾವಲಂತೆ ಕಾವಲು. ನಗಾಡ್ಕಂಡು ನಿಂತಿದ್ದೆ. ನಿನ್ನ ನಗು ಕೇಳಿ ಊರೆಲ್ಲ ಬರ್ಬೇಕಿತ್ತು.” ಆಮೇಲೆ ಗೋಣಿಚೀಲ ಸರಿಸಿದ. “ನಾಕು ದಿನದಿಂದ ಇದ್ರ ಮೇಲೆ ಕುಂತು ಕುಂತು ನಂಗೂ ಸಾಕಾಗದೆ. ನಡಿ, ನಾನೂ ಬತ್ತೀನಿ.”

ಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ಅವನು ಹಗಲು ಹೊತ್ತಿನಲ್ಲೇ ಏರು ಹತ್ತಿದ. ಏನೋ ಗಲಾಟೆಯಿದೆಯೆಂದು ಕೆಳಗಿನ ಸೂಪರ್‌ವೈಸರನೂ ಹಿಂದೆಯೇ ಬಂದ. ಮೇಲೆ ಚೇಟ್ಟನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ. ನಾನು ಎಲ್ಲವನ್ನೂ ಹೇಳಿದೆ, ಪಾರ್ಸೆಲ್ಲಿಗೆ ಚೀಟಿ ಅಂಟಿಸಿದ್ದನ್ನೂ ಸೇರಿಸಿ. ಮಾವ ಕಲ್ಲನ್ನು ಮೇಜಿನ ಮೇಲಿಟ್ಟ.

“ಈ ಲೋಡರನ್ನ ನೀವು ಕೆಲಸದಿಂದ ತೆಗೀರಿ, ನಾನು ನಮ್ಮ ಡ್ರೈವರನ್ನ ಉಳಿಸ್ಕೊಳ್ತೀನಿ” ಎಂದು ಮೇಲಿನವನು ಕೆಳಗಿನವನಿಗೆ ಶುರು ಮಾಡಿದ.

ಚೇಟ್ಟನ್ ಕೂತಲ್ಲಿಂದಲೇ ಮೆಲ್ಲಗೆ ಹೇಳಿದ. “ಸಾರ್, ಕೇಬಲ್ ಹೋಗಿದೆ ಅಂತ ನಾನು ಬುಧವಾರ ವಾಟ್ಸಾಪ್ ಮಾಡಿದ್ದೆ. ನೀವು ಹೆಬ್ಬೆರಳು ಹಾಕಿದ್ದೀರಿ.”

ಮೇಲಿನವನು ಮೊಬೈಲು ತೆಗೆದು ನೋಡಿ, ಮತ್ತೆ ಜೇಬಿಗಿಟ್ಟುಕೊಂಡ. ಕೆಳಗಿನವನು ನಗಲು ಬಾಯಿ ತೆರೆದ. ಮಾವ ಅವನತ್ತ ತಿರುಗಿ, “ಕಿತ್ಲೆ ಬಣ್ಣದ ಡಬ್ಬ ತಂದ್ಕೊಟ್ಟೋರು ಯಾರು ಅಂತಾನೂ ಯೋಳ್ಬುಡ್ಲಾ ಸಾ?” ಅಂದ. ಅವನು ತೆರೆದ ಬಾಯಿ ಮುಚ್ಚಿದ.

ಅಲ್ಲೇ, ನಮ್ಮೆದುರಿಗೇ, ಮೇಲಿನವನು ಕೋಯಮತ್ತೂರಿಗೆ ಇನ್ನೊಂದು ಪತ್ರ ಕಳಿಸಿದ: ಡ್ರೈವರಿನದು ತಪ್ಪಿಲ್ಲ, ಬ್ರೇಕು ಕೆಟ್ಟಿತ್ತು, ದೂರು ಬಂದಿತ್ತು. ಇಂಗ್ಲಿಷನ್ನು ನಾನು ತಿದ್ದಿಕೊಟ್ಟೆ. ಮಾವನಿಗೆ ಒಂದು ವಾರ ಮನೆಯಲ್ಲಿ ಕೂರುವ ಶಿಕ್ಷೆಯಾಯಿತು.

“ನಿನ್ನದೇನಮ್ಮಾ? ಯಾವ ಕಡೆ?” ಮೇಲಿನವನು ಕೇಳಿದ. ಇಬ್ಬರೂ ನನ್ನನ್ನು ಬೇಡವೆನ್ನುತ್ತಾರೆಂದು ಅಂದುಕೊಂಡಿದ್ದೆ. ಬೇರೆ ಯಾರೂ ಸಿಕ್ಕಿರಲಿಲ್ಲವೆಂದು ತೋರುತ್ತದೆ.

“ಮೇಲಿನ ಕಡೆ” ಎಂದೆ.

ಕೆಳಗಿನವನಿಗೆ ಬೇಸರವಾಯಿತು. “ನಮ್ಮಲ್ಲೇನಮ್ಮ ಕೊರತೆ?”

“ಏನಿಲ್ಲ ಸಾರ್. ಗಾಡಿಗಳು ಮೇಲಕ್ಕೆ ಉರುಳಲ್ಲ, ಅಷ್ಟೇ.”

“ಓದ್ದೋರ ಬುದ್ಧಿ” ಎಂದ ಮಾವ.

ಮಂಗಳವಾರ ಮಧ್ಯಾಹ್ನ ಹೊಸ ಕೇಬಲ್ ಹಾಕಿಸಿಕೊಂಡು ಚೇಟ್ಟನ್ ವ್ಯಾನು ಹೊರಡಿಸಿದ. ನಮ್ಮ ಮನೆಯ ಮುಂದೆ ಹಾದುಹೋಗುವಾಗ ಬೇಕಿಲ್ಲದಿದ್ದರೂ ಹಾರನ್ ಹೊಡೆದ. ನಾನು ಬಾಗಿಲಲ್ಲಿ ನಿಂತು ಅದು ಪಂದಲೂರಿನ ದಾರಿ ಹಿಡಿಯುವವರೆಗೂ ನೋಡಿದೆ. ಅಂದು ಬೇಗ ಊಟ ಮಾಡಿ ಮಲಗಿದೆ. ಅಮ್ಮ ಎರಡು ಸಲ ಬಂದು ಎಬ್ಬಿಸಿದಳಂತೆ, ಮೂರನೆಯ ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳಂತೆ. ನನಗೆ ಒಂದೂ ಗೊತ್ತಿಲ್ಲ. ಬುಧವಾರ, ಕೆಲಸದ ಮೊದಲ ದಿನವೇ, ತಡವಾಗಿ ಹೋದೆ.