ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು

ನಾನು ಬುಕ್ ಮಾಡಿದ್ದು ಎರಡೇ ಟಿಕೆಟು. ಶನಿವಾರ ಮಧ್ಯಾಹ್ನ ಯೂನಿಯನ್ ಸಿಟಿಯ ಥಿಯೇಟರಿನ ಬಾಗಿಲಲ್ಲಿ ಎಣಿಸಿ ನೋಡಿದರೆ ಹತ್ತು ಜನ!

ಎಲ್ಲ ನಮ್ಮ ಯಜಮಾನರ ಕೃಪೆ. ಹೆಂಡತಿ ಸಿನಿಮಾಗೆ ಕರೆದಳು ಅಂದಕೂಡಲೇ ಅವರು ಮಾಡಿದ ಮೊದಲ ಕೆಲಸ, ವಾಟ್ಸಾಪ್ ಗ್ರೂಪಿಗೆ ಮೆಸೇಜು ಹಾಕಿದ್ದು. ನಾಲ್ಕು ಜೋಡಿ ತಕ್ಷಣ ರೆಡಿ. ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದ ನಮ್ಮ ಜನಕ್ಕೆ ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೋಗುವುದೆಂದರೆ ಅದೇನೋ ಅಪರಾಧ. ಹೈಕಿಂಗಿಗೂ ಗುಂಪು, ಚೆರ್ರಿ ಕೀಳುವುದಕ್ಕೂ ಗುಂಪು. ಮದುವೆಯ ವಾರ್ಷಿಕೋತ್ಸವಕ್ಕೂ ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಮಾಡಿ, ಆ ದಂಪತಿಗಳ ಕೈಯಲ್ಲೇ ಬಿಸಿಬೇಳೆಬಾತಿನ ಟ್ರೇ ಹೊರಿಸುವವರು ನಾವು.

ಇಬ್ಬರೇ ಹೋಗೋಣ ಎಂದು ನಾನು ಹಟ ಹಿಡಿದಿದ್ದಕ್ಕೆ ಕಾರಣವಿತ್ತು. ಇವರಿಗೆ ಐವತ್ತು ತುಂಬಿದೆ. ತುಂಬಿದ ದಿನದಿಂದ ತಲೆಗೆ ಏನೋ ಹೊಕ್ಕಿದೆ. ಮೊದಲು ಸೈಕಲ್ಲು ಬಂತು. ಆಮೇಲೆ ಮೈಗೆ ಅಂಟುವ ಬಟ್ಟೆ ಬಂತು. (ಅದನ್ನು ಹಾಕಿಕೊಂಡು ಗ್ರೋಸರಿಗೆ ಮಾತ್ರ ಬರಬೇಡಿ ಎಂದು ಕೈಮುಗಿದಿದ್ದೇನೆ.) ಈಗ ಆಫೀಸಿಗೆ ಆರು ತಿಂಗಳು ರಜೆ ಹಾಕಿ, ಟೆಂಟು ಹೊತ್ತುಕೊಂಡು ಕಾಡು ಬೆಟ್ಟ ಸುತ್ತುತ್ತಾರಂತೆ. ಒಬ್ಬರೇ. ತಮ್ಮನ್ನು ತಾವು ಹುಡುಕಿಕೊಳ್ಳಬೇಕಂತೆ. ಇಪ್ಪತ್ತಮೂರು ವರ್ಷದಿಂದ ಇವರ ಕಾಲುಚೀಲ, ಕನ್ನಡಕ, ಕಾರಿನ ಕೀ ಎಲ್ಲವನ್ನೂ ಹುಡುಕಿಕೊಟ್ಟವಳು ನಾನು. ಇದೊಂದನ್ನು ಮಾತ್ರ ಅವರೇ ಹುಡುಕಿಕೊಳ್ಳುತ್ತಾರಂತೆ.

ಸೋಮವಾರ ಮ್ಯಾನೇಜರಿಗೆ ಇಮೇಲು ಹಾಕಬೇಕು, ಅಷ್ಟರೊಳಗೆ ನೀನು ಓಕೆ ಅನ್ನಬೇಕು ಎಂದು ಎರಡು ವಾರದಿಂದ ಪ್ರಾಣ ತಿನ್ನುತ್ತಿದ್ದರು. ನನಗೆ ಓಕೆ ಅನ್ನುವ ಮೊದಲು ಒಂದೇ ಒಂದು ಮಾತು ಕೇಳಬೇಕಿತ್ತು. ಬೇಸರ ಬಂದಿರುವುದು ಕೆಲಸದ ಮೇಲೋ, ನನ್ನ ಮೇಲೋ? ಮನೆಯಲ್ಲಿ ಕೇಳಲು ಬಾಯಿಯೇ ಬರಲಿಲ್ಲ. ಉತ್ತರ ಏನು ಬರುತ್ತದೋ ಎಂಬ ಹೆದರಿಕೆ, ಇನ್ನೇನಿಲ್ಲ.

ಅಷ್ಟರಲ್ಲಿ ಈ ಹಾಂಗ್‌ಕಾಂಗ್ ಸಿನಿಮಾ ಬಂತು. ಮಾತು ಕ್ಯಾಂಟನೀಸ್, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ಲು. ಐವತ್ತರ ಗಂಡಸು, ಸಪ್ಪೆಯಾದ ಮದುವೆ. ಪಕ್ಕಪಕ್ಕ ಕೂತು ನೋಡಿದರೆ ಮಾತು ತಾನಾಗಿಯೇ ಬಂದೀತು ಎಂದುಕೊಂಡಿದ್ದೆ.

ಎಲ್ಲಿಯ ಪಕ್ಕಪಕ್ಕ? ಒಳಗೆ ಕಾಲಿಟ್ಟಕೂಡಲೇ ಹುಬ್ಬಳ್ಳಿಯ ವಿನಾಯಕ್ (ಇವರ ಸೈಕಲ್ ಗೆಳೆಯ) ಸೀಟು ಹಂಚತೊಡಗಿದರು. ಗಂಡಸರೆಲ್ಲ ಹಿಂದಿನ ಸಾಲಿಗೆ, ಹೆಂಗಸರೆಲ್ಲ ಮುಂದಿನ ಸಾಲಿಗೆ. ಯಾರೂ ಚಕಾರ ಎತ್ತಲಿಲ್ಲ. ಯಾರ ಮನೆಯ ಪಾರ್ಟಿಗೆ ಹೋದರೂ ಅವರು ಟೀವಿಯ ಮುಂದೆ, ನಾವು ಕಿಚನ್ನಿನಲ್ಲಿ. ಅಭ್ಯಾಸಬಲ ನೋಡಿ, ದಾಂಪತ್ಯದ ಸಿನಿಮಾವನ್ನೂ ಹಾಗೇ ನೋಡಿದೆವು. ನಮ್ಮವರು ಒಂದು ಸಲ ನನ್ನ ಮುಖ ನೋಡಿದರು. ನೋಡಿ, ಹಿಂದಿನ ಸಾಲಿಗೆ ಹೋದರು.

ಸಿನಿಮಾದ ನಾಯಕ ಗಣಿತದ ಮೇಷ್ಟ್ರು. ಒಂದು ದಿನ ಮನೆ ಬಿಟ್ಟು, ಕೋಳಿಗೂಡಿನಂಥ ರೂಮು ಹಿಡಿದು ಸ್ಯಾಕ್ಸೋಫೋನ್ ಕಲಿಯತೊಡಗುತ್ತಾನೆ. ಹೆಂಡತಿ ಹುಡುಕಿಕೊಂಡು ಬರುತ್ತಾಳೆ. ಅಳುವುದಿಲ್ಲ, ಕೂಗಾಡುವುದಿಲ್ಲ. ನಿನಗೆ ಸಾಕಾಗಿರುವುದು ಯಾವುದು, ಆ ಸ್ಕೂಲೋ ನಾನೋ ಎಂದು ಕೇಳುತ್ತಾಳೆ. ನನ್ನ ಬಾಯಿಂದಲೇ ಕಿತ್ತುಕೊಂಡ ಮಾತು! ಇವರ ಮುಖ ಹೇಗಾಗಿದೆಯೋ ಎಂದು ತಟ್ಟನೆ ಹಿಂದೆ ತಿರುಗಿದೆ.

ನಮ್ಮವರು ಫೋನಿನಲ್ಲಿ ವಿನಾಯಕ್‌ಗೆ ಟೆಂಟು ತೋರಿಸುತ್ತಿದ್ದರು. ಇಬ್ಬರ ಬೋಳುತಲೆಯ ಮೇಲೂ ಫೋನಿನ ಬೆಳಕು ಬಿದ್ದಿತ್ತು.

ಆಮೇಲೆ ದೋಸೆ ಹೋಟೆಲು. ಅಲ್ಲೂ ಎರಡು ಟೇಬಲ್ಲು, ಹೇಳುವುದೇ ಬೇಡ. ಗಂಡಸರ ಟೇಬಲ್ಲಿನಿಂದ ವಿಮರ್ಶೆ ಕೇಳಿಸುತ್ತಿತ್ತು. ಸಿನಿಮಾ ಸ್ವಲ್ಪ ಸ್ಲೋ ಅಂತೆ. ಪಾಪ, ಹೀರೋಗೆ ಮನೆಯಲ್ಲಿ ಸಪೋರ್ಟೇ ಇಲ್ಲವಂತೆ. ಆ ಹೆಂಗಸು ಕೇಳಿದ ಪ್ರಶ್ನೆಯನ್ನು ಐವರಲ್ಲಿ ಒಬ್ಬರಾದರೂ ಕೇಳಿಸಿಕೊಂಡಿದ್ದರೇ? ಸಬ್‌ಟೈಟಲ್ಲನ್ನಾದರೂ ಓದಿದ್ದರೇ? ಈಚೆ ವಿನಾಯಕ್ ಹೆಂಡತಿ ರೇಖಾ ನನ್ನ ಸಪ್ಪೆ ಮುಖ ನೋಡಿ ಸಮಾಧಾನ ಹೇಳಿದರು. "ನಿಮ್ಮವ್ರು ಹೋಗ್ತೇನಂದ್ರ ಹೋಗ್ಲಿ ಬಿಡ್ರಿ. ನಿಮಗ ಆರು ತಿಂಗಳು ಅಡಗಿ ಮಾಡೂದು ತಪ್ಪತದ."

ಮನೆಗೆ ವಾಪಸು ಬರುವಾಗ, ಫ್ರೀವೇ ಹತ್ತಿದ ಮೇಲೆ, ಇವರು ಮತ್ತೆ ಶುರುಮಾಡಿದರು. ಇಮೇಲು ಹಾಕಲೇ, ಓಕೆ ತಾನೆ?

ಆಗ ನನಗೆ ರೇಗಿತು. "ಎರಡು ಗಂಟೆ ಹೆಂಡತಿ ಜೊತೆ ಕೂರೋಕೆ ನಿಮಗೆ ಎಂಟು ಜನ ಬೇಕಾಯ್ತು. ಆರು ತಿಂಗಳು ಒಬ್ಬರೇ ಹೇಗ್ರೀ ಇರ್ತೀರಾ?"

ಬೇಸರ ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಜಗಳವಾದರೂ ಆಗಲಿ, ಮಾತಾಡಿದಂತಾದರೂ ಆಗುತ್ತದಲ್ಲ. ಊಹೂಂ. ಇವರ ಮುಖ ಅರಳಿತು.

"ಅಯ್ಯೋ, ಒಬ್ಬನೇ ಅಲ್ಲ ಕಣೆ. ವಿನಾಯಕನೂ ಬರ್ತಾನೆ. ಸಿನಿಮಾ ನೋಡ್ತಾ ನೋಡ್ತಾ ಡಿಸೈಡ್ ಮಾಡಿದ್ವಿ. ಇಬ್ಬರಿಗೆ ಆಗೋ ಟೆಂಟೇ ಆರ್ಡರ್ ಮಾಡಿಬಿಟ್ಟೆ."

(ಪಾಪ ರೇಖಾ, ಅವರಿಗಿನ್ನೂ ಗೊತ್ತಿರಲಿಲ್ಲ.)

ನಾನು ಓಕೆ ಅಂದೆ. ಸೋಮವಾರ ಬೆಳಿಗ್ಗೆ ಇಮೇಲು ಹೋಯಿತು. ಆರು ತಿಂಗಳು ಇಬ್ಬರೇ ಇರಲು ನಮ್ಮವರಿಗೆ ಚೆನ್ನಾಗಿಯೇ ಬರುತ್ತದೆ ಎಂದು ಗೊತ್ತಾದ ಮೇಲೆ, ಬೇಸರ ಯಾರ ಮೇಲೆ ಎಂದು ಬೇರೆ ಬಾಯಿಬಿಟ್ಟು ಕೇಳಬೇಕೆ?