ಟೊಳ್ಳು ಸದ್ದಿನ ಗುಮ್ಮಟ

ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಖುಷ್ನುಮಾ ಚಿತ್ರಕಲೆ ಕಲಿಸುತ್ತಿದ್ದಳು. ಶಾಲೆಯ ಪ್ರವಾಸದಲ್ಲಿ ಔರಂಗಾಬಾದಿಗೆ ಹೋಗಿ ಬೀಬಿ ಕಾ ಮಕಬರಾ ಎಂಬ ಮೊಗಲ್ ಗೋರಿಯನ್ನು ನೋಡಿದಾಗ, ಗೋಡೆಯ ಸುಣ್ಣದ ಗಚ್ಚಿನಲ್ಲಿ ಉಬ್ಬಾಗಿ ಎಬ್ಬಿಸಿದ ಹೂಗಿಡಗಳ ಮುಂದೆ ಕಾಲು ಕೀಳಲಾರದೆ ನಿಂತುಬಿಟ್ಟಿದ್ದಳು. ಬುಡದಿಂದ ಮೊಗ್ಗಿನ ತನಕ ಒಂದೊಂದು ಗಿಡವನ್ನೂ ಬಿಡಿಯಾಗಿ ತೋರಿಸುವ ಈ ಮೊಗಲ್ ರೀತಿಯನ್ನು ಅವಳು ಮೊದಲೇ ಎಲ್ಲೋ ಕಂಡಿದ್ದಳು. ಎಲ್ಲಿ ಎಂಬುದು ಊರಿಗೆ ಮರಳುವ ಬಸ್ಸಿನಲ್ಲಿ ಹೊಳೆಯಿತು. ಬಸವಕಲ್ಯಾಣದಿಂದ ಮಂಠಾಳಕ್ಕೆ ಹೋಗುವ ಹಾದಿಯ ಪಕ್ಕದ ಹೊಲದಲ್ಲೊಂದು ಹೆಸರಿಲ್ಲದ ಗುಮ್ಮಟವಿದೆ. ಚಿಕ್ಕವಳಿದ್ದಾಗ ಒಮ್ಮೆ ಮಳೆಗೆ ಸಿಕ್ಕಿ ಅಪ್ಪನ ಜೊತೆ ಅದರೊಳಗೆ ನಿಂತಿದ್ದಳು.

ಆಮೇಲೆ ಅವಳ ರವಿವಾರಗಳೆಲ್ಲ ಆ ಗುಮ್ಮಟಕ್ಕೇ ಹೋದವು. ಒಂದೇ ಕೋಣೆ, ನಡುವೆ ಯಾರದೆಂದು ತಿಳಿಯದ ಗೋರಿ. ಬಾಗಿಲ ಗೋಡೆ ಬಿಟ್ಟು ಉಳಿದ ಮೂರು ಗೋಡೆಗಳಲ್ಲಿ ಒಂದೊಂದು ಹೂಗಿಡ. ಎರಡು ಗಿಡಗಳು ಅವಳು ಮೊಗಲ್ ಕಟ್ಟಡಗಳ ಪುಸ್ತಕಗಳಲ್ಲಿ ನೋಡಿದಂಥವೇ. ಮೂರನೆಯದರ ಮೇಲೆ ಕಟ್ಟಿದ್ದ ಹೊಗೆಮಸಿಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ, ಬಿರಿದ ಕಾಯಿಗಳ ಸಮೇತ ಒಂದು ಹತ್ತಿ ಗಿಡ ಹೊರಬಂತು. ಉತ್ತರದ ಮಾದರಿಯನ್ನು ಇಲ್ಲಿಯ ಕೈಗಳು ತಮ್ಮ ಕಪ್ಪು ನೆಲದ ಬೆಳೆಗೆ ಒಗ್ಗಿಸಿಕೊಂಡಿದ್ದವು. ಅದನ್ನೇ ಒಂದು ಲೇಖನವಾಗಿ ಬರೆಯಬೇಕೆಂದು ಅವಳು ನಿಶ್ಚಯಿಸಿದಳು.

ಹೊಲ ಧನರಾಜನದು. ಅವನ ತಾಯಿ ಸುಂದರಬಾಯಿ ಬಿಸಿಲೇರಿದ ಮೇಲೆ ಎರಡು ಆಡುಗಳನ್ನು ಹೊಡೆದುಕೊಂಡು ಬಂದು ಗುಮ್ಮಟದೊಳಗೇ ಮಲಗುತ್ತಿದ್ದಳು. ಗೋರಿಯೊಳಗಿನ ಪೀರಸಾಹೇಬ ತನ್ನ ಮನೆತನ ಕಾಯುತ್ತಾನೆಂದು ಆಕೆಯ ನಂಬಿಕೆ. ಖುಷ್ನುಮಾ ಚಿತ್ರ ಬರೆಯುತ್ತಿದ್ದರೆ ಆಕೆ ಪಕ್ಕದಲ್ಲಿ ಕೂತು, ತನ್ನ ತವರಿನ ಸಂಗತಿಗಳನ್ನು ಹೇಳುತ್ತ ಹೇಳುತ್ತ ನಿದ್ದೆ ಹೋಗುವಳು.

ಆ ವರ್ಷ ಹೊಲದಾಚೆಯ ಗುಡ್ಡದಲ್ಲಿ ಖಡಿ ಮಷೀನ್ ಬಂತು. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸುರಂಗ ಹೊಡೆದು ಸಿಡಿಸಿ, ಕಲ್ಲನ್ನು ಪುಡಿ ಮಾಡಿ ಲಾರಿಗೆ ತುಂಬುವ ಕೆಲಸ. ಮೊದಲ ಸಲ ಸಿಡಿದಾಗ ಕಾಲಡಿಯ ನೆಲ ಮೆಲ್ಲಗೆ ಜಗ್ಗಿದಂತಾಯಿತು. ಸ್ವಲ್ಪ ಹೊತ್ತಿಗೆ ಖುಷ್ನುಮಾಳ ಹಾಳೆಯ ಮೇಲೆ ಸಣ್ಣಗೆ ಸುಣ್ಣದ ಪುಡಿ ಬಿತ್ತು. ಅವಳು ತಲೆಯೆತ್ತಿದಳು. ಬಣ್ಣದ ಬಳ್ಳಿಗಳಿದ್ದ ಒಳಮಾಳಿಗೆಯ ಗಚ್ಚು ಒಂದು ಕಡೆ ಹೊಟ್ಟೆ ಬಿಟ್ಟಿತ್ತು. ಉದ್ದನೆಯ ಕೋಲಿನಿಂದ ತಟ್ಟಿದರೆ ಒಡೆದ ಗಡಿಗೆಯಂಥ ಟೊಳ್ಳು ಸದ್ದು. ಅಲ್ಲಿಂದ ಗೋಡೆಗೆ ಇಳಿದಿದ್ದ ಬಿರುಕು ಬೆಳೆಯುತ್ತದೋ ನೋಡಲು, ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ಹೋದಳು. ಮುಂದಿನ ವಾರ ಬಂದಾಗ ಅದು ಎರಡು ತುಂಡಾಗಿತ್ತು.

ಅವತ್ತೇ ಧನರಾಜನಿಗೆ ಹೇಳಿದಳು. ತಾಯಿಯನ್ನೂ ಆಡುಗಳನ್ನೂ ಒಳಗೆ ಬಿಡಬೇಡವೆಂದಳು. ಅವನು ಅವಳನ್ನೇ ಅನುಮಾನದಿಂದ ನೋಡಿದ.

"ಮುನ್ನೂರು ವರ್ಷ ನಿಂತದ್ದು ಈಗ್ಯಾಕ ಬೀಳ್ತದ್ರಿ ಮೇಡಂ? ನೀವು ಬರಿಯೋದು, ಸರ್ಕಾರದವರು ಬಂದು ಬೇಲಿ ಹಾಕೋದು. ನನ್ ಹೊಲ ಹೋಗ್ತದ."

ಅವನ ಹೆದರಿಕೆಯಲ್ಲೂ ಹುರುಳಿತ್ತು. ಆದರೂ ಅವಳು ಬಿಡಲಿಲ್ಲ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯ ಕಚೇರಿಗೆ ಹೋಗಿ, ಸಿಡಿತಕ್ಕೆ ಗುಮ್ಮಟ ಬಿರಿಯುತ್ತಿದೆ ಎಂದು ಹೇಳಿದರೆ, ಆ ಕಟ್ಟಡ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಕಳಿಸಿಬಿಟ್ಟರು. ಆದರೆ ಅವಳು ಹೋಗಿದ್ದ ಸುದ್ದಿ ಖಡಿ ಮಷೀನಿನವರಿಗೆ ಬೇಗ ಮುಟ್ಟಿತು. ಎರಡು ದಿನ ಕಳೆದು ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಬಂದು ಪಕ್ಕದಲ್ಲಿ ನಿಂತ. ಅವಳ ಶಾಲೆಯ ಹೆಸರು ಹೇಳಿದ. ಗಂಡ ನಸೀರನ ಮೋಟಾರ್ ರಿಪೇರಿ ಅಂಗಡಿ ಯಾವ ಓಣಿಯಲ್ಲಿದೆ ಎಂಬುದನ್ನೂ ಹೇಳಿದ.

"ಒಬ್ಬರೇ ಅಡ್ಡಾಡಾಕತ್ತೀರಿ. ಹೊಲದ ಹಾದಿ ಛಲೋ ಇಲ್ರಿ," ಎಂದು ನಗುತ್ತಲೇ ಹೇಳಿ ಹೋದ.

ಆ ರಾತ್ರಿ ಅವಳು ಮನೆಯಲ್ಲಿ ಎಲ್ಲ ಹೇಳಿದಳು. ವಿಷಯ ತಿಳಿದ ನಸೀರ್ ಬೈಯಲಿಲ್ಲ. ಇನ್ನು ಹೋಗಬೇಡ ಎಂದಷ್ಟೇ ಕೇಳಿಕೊಂಡ. ಎರಡು ರವಿವಾರ ಅವಳು ಹೋಗಲಿಲ್ಲ. ಮೂರನೆಯದಕ್ಕೆ ತಡೆಯಲಾಗಲಿಲ್ಲ. ಹತ್ತಿ ಗಿಡದ ಚಿತ್ರ ಇನ್ನೂ ಅರ್ಧ ಉಳಿದಿತ್ತು, ಮುದುಕಿಯ ಚಿಂತೆಯೂ ಕೊರೆಯುತ್ತಿತ್ತು.

ಹೋದಾಗ ಮಧ್ಯಾಹ್ನ. ಗುಮ್ಮಟದ ಸಂದುಗಳಲ್ಲಿ ಯಾವಾಗಲೂ ಗುಟುರು ಹಾಕುತ್ತಿದ್ದ ಪಾರಿವಾಳಗಳಲ್ಲಿ ಒಂದೂ ಇರಲಿಲ್ಲ. ಒಳಗೆ ಸುಂದರಬಾಯಿ ಸೆರಗಿನ ಮುಸುಕೆಳೆದು ಮಲಗಿದ್ದಳು. ಆಡುಗಳು ಮೂಲೆಯ ಗೂಟಕ್ಕೆ ಕಟ್ಟಿದ ಹಗ್ಗ ಜಗ್ಗುತ್ತಿದ್ದವು. ಖುಷ್ನುಮಾ ಚಿತ್ರದ ಹಲಗೆ ಕೆಳಗಿಟ್ಟು, ಬರೆಯಲೋ, ಮೊದಲು ಮುದುಕಿಯನ್ನು ಎಬ್ಬಿಸಲೋ ಎಂದು ಒಂದು ಗಳಿಗೆ ತಡೆದಳು. ಅಷ್ಟರಲ್ಲಿ ಮೇಲಿನಿಂದ ಮರಳು ಸುರಿದಂತೆ ಸರ ಸರ ಸದ್ದು. ಗುಡ್ಡದ ಕಡೆ ಇನ್ನೂ ಏನೂ ಸಿಡಿದಿರಲಿಲ್ಲ.

"ಆಯಿ, ಏಳ್ರಿ. ಮಾಳಿಗಿ ಬೀಳಾಕತ್ತದ."

"ಪೀರಸಾಹೇಬ ಅದಾನ ಯವ್ವಾ," ಎಂದು ಮುದುಕಿ ಮಗ್ಗುಲು ಬದಲಿಸಿದಳು.

ಖುಷ್ನುಮಾ ಬಗ್ಗಿದಳು. ಕಂಕುಳಿಗೆ ಕೈ ಹಾಕಿ ದರದರನೆ ಎಳೆದಳು. ಮುದುಕಿ ಬೈಯುತ್ತಿದ್ದಳು, ಹೊಡೆಯುತ್ತಿದ್ದಳು. ಹೊಸ್ತಿಲು ದಾಟುವಾಗ ಮುದುಕಿಯ ಪಾದ ಕಲ್ಲಿಗೆ ಸಿಕ್ಕಿ ಮುರಿಯಿತು. ಆ ಕೂಗು ಮುಗಿಯುವ ಮೊದಲೇ ಹಿಂದೆ ಇಡೀ ಒಳಮಾಳಿಗೆ ಕುಸಿದು ಬಿತ್ತು. ಬಾಗಿಲು ಬಿಳಿ ಧೂಳು ಉಗುಳಿತು. ಆಡುಗಳ ಸದ್ದು ಮತ್ತೆ ಕೇಳಲಿಲ್ಲ.

ಮಳೆಗಾಲದಲ್ಲಿ ಉಳಿದ ಗುಮ್ಮಟವೂ ಹತ್ತಿ ಗಿಡವಿದ್ದ ಗೋಡೆಯೂ ಒಟ್ಟಿಗೆ ಕುಸಿದು ಕೂತವು. ಲೇಖನ ಅಚ್ಚಾದಾಗ ಎರಡು ಗಿಡಗಳ ಚಿತ್ರ ಪೂರ್ತಿಯಾಗಿ ಬಂತು. ಅರ್ಧ ಬರೆದ ಮೂರನೆಯ ಹಾಳೆ ಕಲ್ಲಿನಡಿ ಹೋಗಿತ್ತು. ನೆನಪಿನಿಂದ ಬರೆದುಬಿಡು ಎಂದವರಿದ್ದರು. ನೋಡಿದ್ದನ್ನು ಮಾತಿನಲ್ಲಿ ಹೇಳುತ್ತೇನೆ, ಕಣ್ಣೆದುರಿಲ್ಲದ ಎಲೆಯನ್ನು ಹ್ಯಾಗೆ ಬಿಡಿಸಲಿ ಎಂದು ಅವಳು ಒಪ್ಪಲಿಲ್ಲ.

ಒಳಮಾಳಿಗೆ ಬಿದ್ದ ಮೇಲೆ ಖಡಿ ಮಷೀನ್ ಎಂಟು ದಿನವಷ್ಟೇ ನಿಂತು, ಮತ್ತೆ ಶುರುವಾಯಿತು. ಆಗ ಧನರಾಜನೇ ಹುಮನಾಬಾದಿಗೆ ಬಂದ. ಚಹಾ ಬರುವ ಮೊದಲೇ ಮಾತು ತೆಗೆದ.

"ಅವ್ವನ ಕಾಲ್ ಮುರಿದ್ರಿ ಅಂತ ಮೊದಲು ನಿಮಗೇ ಬೈದೆ," ಎಂದ. "ನಾಳೆ ತಹಸೀಲ್ದಾರರ ಹತ್ರ ಹೋಗೂಣ್ರಿ. ನಾನೇ ಮಾತಾಡ್ತೀನಿ. ನೀವು ಬಾಜೂಕ ನಿಂದರ್ರಿ, ಸಾಕು."

ಹೋದರು. ನಸೀರನೂ ಅಂಗಡಿ ಮುಚ್ಚಿ ಜೊತೆಗೆ ಹೋದ. ವಿಚಾರಣೆ ಮುಗಿಯುವ ತನಕ ಸುರಂಗ ಹೊಡೆಯಬಾರದೆಂದು ಆದೇಶವಾಯಿತು. ವಿಚಾರಣೆ ಇನ್ನೂ ಮುಗಿದಿಲ್ಲ. ಮಷೀನನ್ನೂ ಯಾರೂ ಬಿಚ್ಚಿ ಒಯ್ದಿಲ್ಲ. ಅದಕ್ಕೆ ಎಣ್ಣೆ ಬಿಡಲು ಆಗಾಗ ಇಬ್ಬರು ಬಂದು ಹೋಗುತ್ತಾರೆಂದು ಧನರಾಜ ಫೋನಿನಲ್ಲಿ ಹೇಳುತ್ತಿರುತ್ತಾನೆ.