ಬ್ರೇಕಿಗೆ ಸುತ್ತಿದ ಬಿಳಿ ಟೇಪು

ನಾನು ಮುಚ್ಚಿದ ಯಾವ ಡಬ್ಬಿಯೂ ಅಷ್ಟು ಸುಲಭವಾಗಿ ಮತ್ತೆ ಬಾಯಿ ಬಿಡುವುದಿಲ್ಲ. ಉಪ್ಪಿನಕಾಯಿಯ ಬಾಟಲಿ, ಫ್ಲಾಸ್ಕಿನ ಮುಚ್ಚಳ, ಹಿತ್ತಲ ನಲ್ಲಿ, ಎಲ್ಲವನ್ನೂ ನಾನು ಪ್ರಳಯಕಾಲಕ್ಕೆ ಸನ್ನದ್ಧಗೊಳಿಸುವವನಂತೆ ತಿರುಗಿಸುತ್ತೇನೆ. ಬಿಗಿಯಾಯಿತು ಎಂದು ಕೈಗೆ ಗೊತ್ತಾದ ಮೇಲೂ ಮನಸ್ಸಿನ ಸಮಾಧಾನಕ್ಕೆ ಇನ್ನೊಂದು ಸುತ್ತು ಬೇಕೇ ಬೇಕು. ಒಮ್ಮೆ ಪಕ್ಕದ ಮನೆಯವರಿಗೆ ನಾವು ಕೊಟ್ಟ ತುಪ್ಪದ ಡಬ್ಬಿ, ಒಂದು ವಾರದ ಬಳಿಕ, ಮುಚ್ಚಳದ ಸುತ್ತ ಸುತ್ತಿಗೆಯ ಗುರುತುಗಳನ್ನು ಧರಿಸಿ, ತುಪ್ಪದ ಸಮೇತ ಹಿಂದಕ್ಕೆ ಬಂತು. ಅವರ ವಿನಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಈ ವ್ಯಾಧಿಗೆ ಮೂಲ ನಮ್ಮ ಮಧುಗಿರಿ ಸೀಮೆಯ ನೀರು. ಕೊಳವೆಬಾವಿಯ ನೀರನ್ನೇ ನಂಬಿದ ಊರಿನಲ್ಲಿ ಹುಟ್ಟಿದವನು ಅಕ್ಷರಾಭ್ಯಾಸಕ್ಕಿಂತ ಮೊದಲು ಪೈಪು ಜೋಡಿಸುವುದನ್ನು ಕಲಿಯುತ್ತಾನೆ. ಎಂಟುನೂರು ಅಡಿಯಿಂದ ಎದ್ದು ಬಂದ ನೀರು ಜೋಡಣೆಯ ಸಂದಿನಲ್ಲಿ ಒಂದು ಹನಿ ಜಿನುಗಿದರೂ ನಮ್ಮಪ್ಪನ ಮುಖ ಸೂತಕದ ಮನೆಯಂತಾಗುತ್ತಿತ್ತು. ಪೈಪಿನ ಥ್ರೆಡ್ಡು, ಎಂದರೆ ಒಂದನ್ನೊಂದು ಕಚ್ಚಿ ಹಿಡಿಯುವ ಆ ಸುರುಳಿ ಗೆರೆ, ಸವೆದಿದ್ದರೆ ಅದಕ್ಕೆ ಔಷಧ ಒಂದೇ: ನಲ್ಲಿಗೆ ಸುತ್ತುವ ಬಿಳಿ ಟೇಪು. ನಾಲ್ಕು ಸುತ್ತು ಸುತ್ತು, ಬಿಗಿ ಮಾಡು, ಕೈ ತೊಳೆದುಕೋ. ಈ ಸರಳ ದರ್ಶನದ ಮೇಲೆ ನಮ್ಮ ಮನೆತನವೇ ನಿಂತಿದೆ.

ಇಂಥ ದಾರ್ಶನಿಕನ ಕೈಗೆ ಒಂದು ಭಾನುವಾರ ಕಾರಿನ ಬ್ರೇಕು ಸಿಕ್ಕಿತು. ಕಾರು ವಾಸ್ತವವಾಗಿ ನನ್ನ ಹೆಂಡತಿ ವನಜಳದು. ಆಕೆ ಶಿರಾ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ದಿನವೂ ಬಡವನಹಳ್ಳಿ ದಾಟಿ ತಾನೇ ಓಡಿಸಿಕೊಂಡು ಹೋಗಿ ಬರುತ್ತಾಳೆ. ನಾನು ಮನೆಯಿಂದ ಕೂಗಳತೆಯಲ್ಲಿರುವ ಕಾಲೇಜಿನಲ್ಲಿ ಹಳಗನ್ನಡ ಹೇಳುವವನು. ಕಾರಿಗೂ ನನಗೂ ಇರುವ ಸಂಬಂಧ ಬಕೆಟ್ಟು ಮತ್ತು ಬಟ್ಟೆಯದು. ಬ್ರೇಕ್ ಪ್ಯಾಡು ಸವೆದಿದೆ, ಮೆಕ್ಯಾನಿಕ್ಕಿನ ಹತ್ತಿರ ಬಿಡಬೇಕು ಎಂದು ಅವಳು ಅಂದಾಗ, ಮೊಬೈಲಿನಲ್ಲಿ ಹನ್ನೊಂದು ನಿಮಿಷದ ವೀಡಿಯೊ ನೋಡಿದ್ದ ನಾನು, ಅಷ್ಟಕ್ಕೆಲ್ಲ ಮೆಕ್ಯಾನಿಕ್ಕು ಯಾಕೆ ಎಂದುಬಿಟ್ಟೆ.

ಚಕ್ರ ಬಿಚ್ಚಿದರೆ ಒಳಗೊಂದು ಉಕ್ಕಿನ ತಟ್ಟೆ. ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಇಕ್ಕಳದಂಥ ಸಾಧನಕ್ಕೆ ಕ್ಯಾಲಿಪರ್ ಎಂದು ಹೆಸರು. ಬಿಚ್ಚಿದ್ದು, ಪ್ಯಾಡು ಬದಲಿಸಿದ್ದು ಎಲ್ಲ ಸಾಂಗವಾಗಿ ನಡೆಯಿತು. ನಾನು ಸೀಟಿ ಕೂಡ ಹಾಕಿದೆ. ಆಮೇಲೆ ಕ್ಯಾಲಿಪರನ್ನು ಚಕ್ರದ ಹಿಂದಿನ ಕಬ್ಬಿಣದ ತೋಳಿಗೆ ಬಂಧಿಸುವ ಬೋಲ್ಟನ್ನು ಬಿಗಿ ಮಾಡಿದೆ. ಬಿಗಿಯಾಯಿತು. ಸಮಾಧಾನವಾಗಲಿಲ್ಲ. ಸ್ಪ್ಯಾನರಿನ ಬಾಲಕ್ಕೆ ಒಂದು ಮೊಳ ಕಬ್ಬಿಣದ ಪೈಪು ತೊಡಿಸಿ, ಇನ್ನೊಂದು ಸುತ್ತು ಎಂದು ತೂಗಿದೆ. ಬೋಲ್ಟು ತಟ್ಟನೆ ಹಗುರಾಯಿತು. ಅತ್ತ ತಿರುಗಿಸಿದರೆ ಅತ್ತ, ಇತ್ತ ತಿರುಗಿಸಿದರೆ ಇತ್ತ, ಮಹಾ ವೈರಾಗ್ಯದಿಂದ ತಿರುಗತೊಡಗಿತು. ತೂತಿನೊಳಗಿನ ಥ್ರೆಡ್ಡು ಪೂರ್ತಿ ಕಿತ್ತುಹೋಗಿತ್ತು.

ನಾನು ಆಗ ಮಾಡಿದ್ದನ್ನು, ಪ್ರಿಯ ಓದುಗರೇ, ಬಯಲುಸೀಮೆಯ ಮಗನೊಬ್ಬನೇ ಮಾಡಬಲ್ಲ. ಒಳಗೆ ಹೋಗಿ ಬಿಳಿ ಟೇಪು ತಂದು ಬೋಲ್ಟಿಗೆ ಆರು ಸುತ್ತು ಸುತ್ತಿ ತಿರುಗಿಸಿದೆ. ಎಷ್ಟು ಚೆನ್ನಾಗಿ ಕೂತಿತೆಂದರೆ ಹೆಮ್ಮೆಯಿಂದ ಕಣ್ಣು ತೇವವಾಯಿತು. ವನಜಳಿಗೆ ಮುಗೀತು ಎಂದೆ. ಮುಗಿದದ್ದು ಏನು ಎಂಬುದನ್ನು ಹೇಳಲಿಲ್ಲ.

ಹೆಮ್ಮೆ ಸೋಮವಾರದ ಕಾಫಿಯವರೆಗೆ ಬಾಳಿತು. ವನಜ ಬ್ಯಾಗು ಹೆಗಲಿಗೇರಿಸಿ ಕಾರಿನ ಕೀ ಹುಡುಕುತ್ತಿದ್ದಾಗ, ಬ್ರೇಕು ಹಿಡಿಯಬೇಕಾದದ್ದು ನೀರನ್ನಲ್ಲ, ನನ್ನ ಹೆಂಡತಿಯನ್ನು ಎಂಬುದು ಹೊಳೆಯಿತು. ಆಗಲೇ ಹೇಳಬಹುದಿತ್ತು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಒಮ್ಮೆಯೂ ತಪ್ಪು ಒಪ್ಪದೆ ಕಾಪಾಡಿಕೊಂಡು ಬಂದ ದಾಖಲೆ ಅಡ್ಡ ಬಂತು. ಬದಲಿಗೆ, ಕಾಲೇಜಿಗೆ ರಜೆ ಹಾಕಿದ್ದೇನೆ, ಶಿರಾದಲ್ಲಿ ಸ್ನೇಹಿತನನ್ನು ನೋಡಬೇಕು ಎಂದು ಸುಳ್ಳು ಪೋಣಿಸಿ ಎಡಗಡೆಯ ಸೀಟಿನಲ್ಲಿ ಕೂತುಬಿಟ್ಟೆ. ಆಗುವುದಾದರೆ ಇಬ್ಬರಿಗೂ ಆಗಲಿ ಎಂಬ ನನ್ನ ಈ ತ್ಯಾಗಕ್ಕೆ ನಾನೇ ಮನಸ್ಸಿನಲ್ಲಿ ಹಾರ ಹಾಕಿಕೊಂಡೆ.

ಊರಾಚೆಯ ಮೊದಲನೆಯ ರೋಡ್‌ಹಂಪಿನಲ್ಲಿ ಅವಳು ಬ್ರೇಕು ಒತ್ತಿದಾಗ ಮುಂದಿನ ಚಕ್ರದಲ್ಲಿ ಕಟಕ್ ಎಂದಿತು.

“ಏನ್ರೀ ಅದು ಸದ್ದು?”

“ಕಲ್ಲು ಸಿಕ್ಕಿರ್ಬೇಕು.”

ಬಡವನಹಳ್ಳಿ ಹತ್ತಿರವಾಗುವಾಗ ಒಂದು ಕುರಿಮಂದೆ ರಸ್ತೆಯನ್ನು ತನ್ನ ಹಟ್ಟಿಯೆಂದೇ ತಿಳಿದು ಅಡ್ಡಾಡುತ್ತಿತ್ತು. ಮತ್ತೆ ಬ್ರೇಕು, ಮತ್ತೆ ಕಟಕ್, ಈ ಸಲ ಕಾರು ಒಂದು ಮಗ್ಗುಲಿಗೆ ಎಳೆಯಿತು. ಕೊನೆಯ ಕುರಿ ಬಂಪರಿನ ಮುಂದೆ ನಿಂತು ನನ್ನ ಮುಖವನ್ನೇ ನೋಡಿತು. ನನ್ನ ಬಾಯಿಂದ ಬೋಲ್ಟು, ಪೈಪು, ಟೇಪು, ಆರು ಸುತ್ತು ಎಲ್ಲ ಒಂದೇ ಉಸಿರಿನಲ್ಲಿ ಹೊರಬಿತ್ತು. ವನಜ ಇಂಜಿನ್ ಆರಿಸಿ, ಇಳಿದು, ಸ್ಕೂಲಿಗೆ ಫೋನು ಮಾಡಿ ರಜೆ ಹೇಳಿದಳು.

ಫೋನು ಮಾಡಿ ಕರೆಸಿದ್ದಕ್ಕೆ ಬಡವನಹಳ್ಳಿಯಿಂದ ಸಾಮಾನಿನ ಪೆಟ್ಟಿಗೆ ಸಮೇತ ಬಂದವರು ಶಿರಾ ಮೂಲದ ಮೆಕ್ಯಾನಿಕ್ಕು ಮೆಹಬೂಬ್ ಸಾಬರು. ಚಕ್ರ ಬಿಚ್ಚಿದರು, ಬೋಲ್ಟು ಎಳೆದರು. ಅದರ ಹಿಂದೆ ಬಿಳಿ ಟೇಪು ಮದುವೆಯ ಸೆರಗಿನಂತೆ ಹೊರಬಂತು.

“ಯಾ ಅಲ್ಲಾ, ಇದ್ಯಾವನ್ ಸಾ ಬ್ರೇಕಿಗೆ ಬೋರ್‌ವೆಲ್ ಟೇಪು ಸುತ್ತಿರೋನು?”

“ಯಾರೋ ಪಾಪ...” ಎಂದೆ.

“ಇವ್ರೇ,” ಎಂದಳು ವನಜ.

ಸಾಬರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ, ಒಂದು ಬಗೆಯ ಕುತೂಹಲವಿತ್ತು. ಕಬ್ಬಿಣ ಸೀಳಿದೆಯೇ ಎಂದು ಟಾರ್ಚು ಹಾಕಿ ನೋಡಿದರು. “ಬಿರುಕು ಬಿಟ್ಟಿದ್ರೆ ಪೀಸೇ ಎಸೀಬೇಕಾಯ್ತಿತ್ತು. ನಸೀಬು ಚೆನ್ನಾಗೈತೆ,” ಎಂದು, ಹಾಳಾದ ತೂತನ್ನು ಬ್ಯಾಟರಿ ಡ್ರಿಲ್ಲಿನಿಂದ ಕೂದಲೆಳೆಯಷ್ಟು ದೊಡ್ಡದು ಮಾಡಿ, ಎಣ್ಣೆ ಬಿಟ್ಟು, ಸುರುಳಿ ಹಲ್ಲಿನ ಉಕ್ಕಿನ ಕಡ್ಡಿಯೊಂದನ್ನು ಕೈಯಿಂದ ತಿರುಗಿಸುತ್ತ ಹೊಸ ಗೆರೆ ಕೊರೆಯತೊಡಗಿದರು. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಮತ್ತೆ ಅರ್ಧ, ಮತ್ತೆ ಹಿಂದಕ್ಕೆ. ಹಿಂದಕ್ಕೆ ಯಾಕೆ ಎಂದು ಕೇಳಿದೆ. “ಕೊರೆದ ಚೂರು ಉದುರ್ಬೇಕಲ್ಲ ಸಾ. ಬರೀ ಮುಂದಕ್ಕೇ ನುಗ್ಗಿದ್ರೆ ಒಳಗೇ ಮುರ್ಕೊಂಡ್ಬುಡ್ತದೆ.” ಹಳಗನ್ನಡದಲ್ಲಿ ಮುಳುಗಿ ಎದ್ದ ನನಗೆ ಇಷ್ಟು ಸ್ವಚ್ಛವಾದ ವಾಕ್ಯವನ್ನು ಬರೆಯಲು ಈವರೆಗೆ ಆಗಿಲ್ಲ.

ಆ ತೂತಿಗೆ ಅವರು ಪೆನ್ನಿನ ಸ್ಪ್ರಿಂಗಿನಂಥ ಉಕ್ಕಿನ ಸುರುಳಿಯೊಂದನ್ನು ತಿರುಗಿಸಿ ಕೂರಿಸಿದರು. ಹಳೆಯ ಅಳತೆಯ ಹೊಸ ಬೋಲ್ಟು ಅದರೊಳಗೆ ತವರಿಗೆ ಬಂದ ಮಗಳಂತೆ ನಿರಾಳವಾಗಿ ಇಳಿಯಿತು. ಬಿಗಿ ಮಾಡಲು ಅವರು ತೆಗೆದ ಉದ್ದ ಸ್ಪ್ಯಾನರು, ಹದಕ್ಕೆ ಬಂದೊಡನೆ ಟಿಕ್ ಎಂದಿತು. ಸಾಬರು ಅಲ್ಲಿಗೇ ಕೈ ತೆಗೆದರು. ನನ್ನ ಅಂಗೈ ತುರಿಸಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ಆ ಖಾಲಿ ಮೈದಾನದಾಗೆ ಒಂದ್ ರೌಂಡು ಓಡ್ಸಿ, ಜೋರಾಗ್ ಬ್ರೇಕ್ ಹೊಡ್ದು ನೋಡ್ಬುಡಿ,” ಎಂದರು. ವೀರಾವೇಶದಿಂದ ನಾನು ಕೀಗೆ ಕೈಚಾಚಿದೆ. ವನಜ ಕೊಡಲಿಲ್ಲ.

“ಬೆಳಿಗ್ಗೆ ಪಕ್ಕದಲ್ಲಿ ಬಂದು ಕೂತ್ರಲ್ಲ, ಅದನ್ನ ಪ್ರೀತಿ ಅಂದ್ಕೊಂಡಿದೀರಾ? ನನ್ ಜೊತೆ ಸಾಯೋಕೆ ತಯಾರಿದ್ರಿ. ತಪ್ಪಾಯ್ತು ಅನ್ನೋಕೆ ಮಾತ್ರ ಆಗ್ಲಿಲ್ಲ.”

ಅಷ್ಟಂದು ಒಬ್ಬಳೇ ಕೂತು ಹೊರಟಳು. ಮೈದಾನದ ಆ ತುದಿಯವರೆಗೆ ಕಾರು ವೇಗವಾಗಿ ಹೋಗುವುದನ್ನು ನಾನು ನಿಂತು ನೋಡಿದೆ. ಧೂಳೆದ್ದಿತು. ಧೂಳಿನೊಳಗೆ ಕೆಂಪು ದೀಪ ಹೊತ್ತಿತು, ಕಾರು ಅತ್ತಿತ್ತ ಓಲದೆ ನೆಟ್ಟಗೆ ನಿಂತಿತು. ನನಗೆ ನಗು ಬಂತು, ಅಳುವೂ ಬಂತು. ವಯಸ್ಸನ್ನೂ ವೃತ್ತಿಯನ್ನೂ ಮರೆತು, ಪಂಚೆ ಎತ್ತಿ ಕಟ್ಟಿ, ಆ ಬಯಲಿನಲ್ಲಿ ಓಡಿದೆ.

ಕಿಟಕಿಯ ಗಾಜು ಇಳಿದಿತ್ತು. “ತಪ್ಪಾಯ್ತು ಕಣೇ,” ಎಂದೆ, ಅಷ್ಟು ದೂರದಲ್ಲಿದ್ದ ಮೆಹಬೂಬ್ ಸಾಬರೂ ತಿರುಗಿ ನೋಡುವಷ್ಟು ಜೋರಾಗಿ. ವನಜ ಸ್ಟಿಯರಿಂಗಿನ ಮೇಲಿಂದ ಕೈ ತೆಗೆಯಲಿಲ್ಲ. ಎಡಗಡೆಯ ಸೀಟಿನತ್ತ ತಲೆಯಾಡಿಸಿ, “ಹತ್ತಿ,” ಎಂದಳು.